ಕರ್ನೆಲ್ ಮೆಮೊರಿ ಸೋರಿಕೆಯ ಹುಸಿ ದೂರುಗಳು: ಒಂದು ಓದು

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಪ್ರಬಂಧದ ಬರಹರೂಪ. ಮಾತಿನ ರೂಪಗಳನ್ನು ಬಹುಮಟ್ಟಿಗೆ ಹಾಗೆಯೇ ಉಳಿಸಿಕೊಳ್ಳಲಾಗಿದೆ. ಕೊನೆಯಲ್ಲಿ ಸಂವಾದದ ಭಾಗವಿದೆ.)

ನನ್ನ ಧ್ವನಿ ಕೇಳಿಸ್ತಾ ಇದೆ ಅಂದುಕೊಂಡಿದ್ದೀನಿ. ತಳಿಯಿಂದ ಮಾತಾಡ್ತಾ ಇದ್ದೀನಿ, ಮೋಡ ಕವಿದಿದೆ, ನೆಟ್‌ವರ್ಕ್ ಕೈಕೊಟ್ಟರೆ ದಯವಿಟ್ಟು ಚಾಟ್‌ನಲ್ಲಿ ತಿಳಿಸಿ.

ಕನ್ನಡ ಎಂ.ಎ. ಓದುವವಳು ಕರ್ನೆಲ್ ಬಗ್ಗೆ ಯಾಕೆ ಮಾತಾಡ್ತಾಳೆ ಅಂತ ಸಂಚಾಲಕರೇ ಫೋನಿನಲ್ಲಿ ಕೇಳಿದ್ರು. ಉತ್ತರ ಸರಳ. ಕಂಪ್ಯೂಟರ್ ಬಗ್ಗೆ ಕನ್ನಡದಲ್ಲಿ ಏನು ಬರೆದಿದ್ದಾರೆ ಅಂತ ಹುಡುಕಿದರೆ ಮೌಸು, ಕೀಲಿಮಣೆ, ಯೂನಿಕೋಡು, ಇಷ್ಟು ಸಿಗುತ್ತೆ. ಯಂತ್ರ ಹೇಗೆ ಕೆಲಸ ಮಾಡುತ್ತೆ ಅನ್ನೋದೂ ಸ್ವಲ್ಪ ಸಿಗುತ್ತೆ. ಅದು ಹೇಗೆ ಕೆಡುತ್ತೆ, ಕೆಟ್ಟಿದೆ ಅಂತ ಯಾರು ಹೇಳ್ತಾರೆ, ಹಾಗೆ ಹೇಳಿದವರು ತಪ್ಪಿರಬಹುದಾ ಅನ್ನೋದು ಸಿಗೋದೇ ಕಷ್ಟ. ನಮ್ಮ ಕಡೆಯ ಕನ್ನಡ ಮಾಧ್ಯಮದ ಹುಡುಗರು ಹೊಸೂರು ದಾಟಿ ಬೆಂಗಳೂರಿಗೆ ಹೋಗಿ ದಿನಾ ಮಾಡೋ ಕೆಲಸವೇ ಇದು. ಅದನ್ನು ಅವರು ಮನೆಯಲ್ಲಿ ಅಮ್ಮನಿಗೆ ವಿವರಿಸಲಾರರು. ಆ ವಿವರಣೆಯ ಒಂದು ಪ್ರಯತ್ನ ಈ ಪ್ರಬಂಧ.

ನನಗೆ ವಿಷಯ ಸಿಕ್ಕಿದ್ದು ದೊಡ್ಡಪ್ಪನ ಮಗನಿಂದ. ಅಣ್ಣ ನೆಟ್‌ವರ್ಕ್ ಉಪಕರಣಗಳ ಒಂದು ಕಂಪನಿಯಲ್ಲಿದ್ದಾನೆ. ಒಂದು ಭಾನುವಾರ ಮನೆಗೆ ಬಂದವನು ಊಟ ಬಿಟ್ಟು ಲ್ಯಾಪ್‌ಟಾಪ್ ನೋಡ್ತಾ ಕೂತಿದ್ದ. "ಏನಾಯ್ತಣ್ಣ?" ಅಂದೆ. "ಸೋರ್ತಾ ಇದೆ ಅಂತ ಮಷೀನು ಹೇಳ್ತದೆ. ಸೋರ್ತಾ ಇಲ್ಲ" ಅಂದ. ಪರದೆಯ ಮೇಲೆ ಸಾಲುಸಾಲಾಗಿ ಒಂದೇ ಮಾತು ಇತ್ತು: ಅನ್‌ರೆಫರೆನ್ಸ್‌ಡ್ ಆಬ್ಜೆಕ್ಟ್, ಅನ್‌ರೆಫರೆನ್ಸ್‌ಡ್ ಆಬ್ಜೆಕ್ಟ್. ಸೋರಿಕೆ ಅನ್ನೋ ಪದ ಆ ಸಾಲುಗಳಲ್ಲಿ ಇರಲೇ ಇಲ್ಲ. ಸಾಹಿತ್ಯದ ವಿದ್ಯಾರ್ಥಿಗೆ ಅಷ್ಟು ಸಾಕು, ಕುತೂಹಲ ಹುಟ್ಟೋದಕ್ಕೆ.

ಮೊದಲು ಸೋರಿಕೆ ಅಂದ್ರೆ ಏನು ನೋಡೋಣ. ಕರ್ನೆಲ್ ಅನ್ನೋದು ಆಪರೇಟಿಂಗ್ ಸಿಸ್ಟಮ್‌ನ ತಿರುಳು. ಮೆಮೊರಿ, ಡಿಸ್ಕು, ನೆಟ್‌ವರ್ಕು ಯಾರಿಗೆ ಎಷ್ಟು ಅಂತ ಹಂಚೋದು ಅದೇ. ಅದು ತನ್ನ ಕೆಲಸಕ್ಕೂ ಮೆಮೊರಿ ತೊಗೊಳ್ಳುತ್ತೆ, ಕೆಲಸ ಮುಗಿದ ಮೇಲೆ ವಾಪಸು ಕೊಡಬೇಕು. ಲಿನಕ್ಸ್ ಕರ್ನೆಲ್ ಬಹುಪಾಲು ಸಿ ಭಾಷೆಯಲ್ಲಿದೆ, ಅಲ್ಲಿ ವಾಪಸು ಕೊಡೋದು ಬರೆಯುವವನ ಹೊಣೆ. ಮರೆತರೆ ಆ ತುಂಡು ಯಾರಿಗೂ ಇಲ್ಲ. ನಾವು ಬಳಸೋ ಸಾಧಾರಣ ಪ್ರೋಗ್ರಾಂ ಹೀಗೆ ಮರೆತರೆ, ಅದು ಮುಚ್ಚಿದ ಕೂಡಲೇ ಕರ್ನೆಲ್ ಎಲ್ಲವನ್ನೂ ಬಳಿದು ತೊಗೊಳ್ಳುತ್ತೆ. ಕರ್ನೆಲ್ಲೇ ಮರೆತರೆ ಬಳಿಯೋರು ಯಾರು? ಯಂತ್ರವನ್ನು ಆರಿಸಿ ಮತ್ತೆ ಹಚ್ಚೋವರೆಗೂ ಆ ಮೆಮೊರಿ ಹೋಯ್ತು ಅಂತಲೇ ಲೆಕ್ಕ. ಸಣ್ಣದು ಅಂತ ಬಿಡೋ ಹಾಗೂ ಇಲ್ಲ. ಸೆಕೆಂಡಿಗೆ 1000 ಸಲ ನಡೆಯೋ ಕೆಲಸವೊಂದು ಪ್ರತಿ ಸಲ 64 ಬೈಟ್ ಮರೆತರೆ, ದಿನಕ್ಕೆ ಸುಮಾರು 553 ಕೋಟಿ ಬೈಟ್. ಐದೂವರೆ ಜಿಬಿ. ರೂಟರ್‌ನಂಥ ಸಣ್ಣ ಪೆಟ್ಟಿಗೆಯಲ್ಲಿ ಅಷ್ಟು ಮೆಮೊರಿ ಇರೋದೇ ಇಲ್ಲ, ಅದು ಸಂಜೆಯೊಳಗೆ ಮಲಗುತ್ತೆ.

ಇದನ್ನು ಹಿಡಿಯೋದಕ್ಕೆ ಲಿನಕ್ಸ್‌ನಲ್ಲಿ ಕೆಮೆಮ್‌ಲೀಕ್ ಅನ್ನೋ ಸಾಧನ ಇದೆ. ಕ್ಯಾಟಲಿನ್ ಮರಿನಾಸ್ ಬರೆದದ್ದು. 2009ರಲ್ಲಿ, 2.6.31ನೇ ಆವೃತ್ತಿಯೊಡನೆ ಲಿನಕ್ಸ್‌ಗೆ ಸೇರಿತು. ಪರೀಕ್ಷೆಗಾಗಿ ಕಟ್ಟಿದ ಕರ್ನೆಲ್‌ಗಳಲ್ಲಿ ಇದನ್ನು ಆನ್ ಮಾಡ್ತಾರೆ. ಯಂತ್ರ ನಿಧಾನ ಆಗೋದರಿಂದ ಗ್ರಾಹಕರ ಕೈಗೆ ಹೋಗೋ ಕರ್ನೆಲ್‌ನಲ್ಲಿ ಸಾಮಾನ್ಯವಾಗಿ ಇಡೋದಿಲ್ಲ.

ಇದರ ಕೆಲಸದ ರೀತಿ ನನಗೆ ಬಹಳ ಹಿಡಿಸಿತು. ಮೆಮೊರಿ ಹಂಚಿದಾಗಲೆಲ್ಲ ಕೆಮೆಮ್‌ಲೀಕ್ ಒಂದು ಕಡತ ತೆರೆಯುತ್ತೆ: ಈ ತುಂಡು ಇಲ್ಲಿಂದ ಶುರು, ಇಷ್ಟು ಉದ್ದ, ಇಂಥ ದಾರಿಯಲ್ಲಿ ಬಂದು ಇಂಥವರು ಕೇಳಿ ತೊಗೊಂಡ್ರು. ವಾಪಸು ಕೊಟ್ಟಾಗ ಆ ಕಡತ ಮುಚ್ಚುತ್ತೆ. ಮಧ್ಯೆ, ಸಾಮಾನ್ಯವಾಗಿ ಹತ್ತು ನಿಮಿಷಕ್ಕೊಮ್ಮೆ, ಎದ್ದು ಮೆಮೊರಿಯನ್ನೆಲ್ಲ ಸುತ್ತುತ್ತೆ. ಹೊರಡೋ ಮುಂಚೆ ಎಲ್ಲ ತುಂಡುಗಳಿಗೂ ಬಿಳಿ ಬಣ್ಣ. ಬಿಳಿ ಅಂದ್ರೆ ಅನಾಥ. ಕರ್ನೆಲ್‌ನ ಸ್ಥಿರ ದತ್ತಾಂಶ ಇರೋ ಜಾಗ, ಕೆಲಸಗಳ ಸ್ಟ್ಯಾಕ್‌ಗಳು, ಇಲ್ಲಿಂದ ಹುಡುಕಾಟ ಶುರು. ಅಲ್ಲಿನ ಒಂದೊಂದು ಅಂಕಿಯನ್ನೂ ನೋಡುತ್ತೆ: ಈ ಅಂಕಿ ನನ್ನ ಕಡತದಲ್ಲಿರೋ ಯಾವುದಾದರೂ ತುಂಡಿನ ವಿಳಾಸವಾ? ತುಂಡಿನ ತಲೆಯ ವಿಳಾಸವೇ ಆಗಬೇಕಂತಿಲ್ಲ, ಹೊಟ್ಟೆಯೊಳಗಿನ ವಿಳಾಸ ಆದರೂ ಸರಿ. ಹೌದು ಅಂತಾದರೆ ಆ ತುಂಡಿಗೆ ಬೂದು ಬಣ್ಣ. ಆಮೇಲೆ ಬೂದು ತುಂಡುಗಳ ಒಳಗೆ ಹೊಕ್ಕು ಅಲ್ಲಿನ ಅಂಕಿಗಳನ್ನು ನೋಡುತ್ತೆ, ಅಲ್ಲಿಂದ ಇನ್ನಷ್ಟು ಬೂದು. ನೋಡೋಕೆ ಬೂದು ಏನೂ ಉಳಿಯದಾಗ ಇನ್ನೂ ಬಿಳಿಯಾಗಿಯೇ ಇರೋವನ್ನು ಯಾರೂ ನೆನೆಯುತ್ತಿಲ್ಲ, ಹಾಗಾಗಿ ಸೋರಿರಬೇಕು ಅನ್ನೋದು ತರ್ಕ. ಈ ಬಣ್ಣದ ವಿದ್ಯೆ ಹೊಸದಲ್ಲ. ಡೈಕ್‌ಸ್ಟ್ರಾ ಮತ್ತು ಅವರ ಸಂಗಡಿಗರು 1978ರಲ್ಲಿ ಪ್ರಕಟಿಸಿದ ಕಸ ಸಂಗ್ರಹದ ಲೇಖನದಿಂದ ಬೆಳೆದು ಬಂದದ್ದು.

ತರ್ಕವನ್ನು ಇನ್ನೊಮ್ಮೆ ಓದಿ. "ಯಾರೂ ನೆನೆಯುತ್ತಿಲ್ಲ" ಅನ್ನೋದು ಕೆಮೆಮ್‌ಲೀಕ್ ಕಂಡ ಸಂಗತಿ ಅಲ್ಲ. ಅದು ಕಂಡದ್ದು "ನಾನು ಹುಡುಕಿದ ಜಾಗದಲ್ಲಿ, ನನಗೆ ಗೊತ್ತಿರೋ ರೂಪದಲ್ಲಿ, ವಿಳಾಸ ಸಿಗಲಿಲ್ಲ" ಅನ್ನೋದನ್ನು ಮಾತ್ರ. ಈ ಎರಡು ವಾಕ್ಯದ ನಡುವಿನ ಸಂದಿಯಲ್ಲೇ ಹುಸಿ ದೂರು ಹುಟ್ಟೋದು. ಸಾಧನ ಬರೆದವರಿಗೆ ಇದು ಚೆನ್ನಾಗಿ ಗೊತ್ತು. ಅದಕ್ಕೇ ಕರ್ನೆಲ್‌ನ ದಿನಚರಿಯಲ್ಲಿ ಬರೋ ಸಾಲು ಇಷ್ಟು "ಶಂಕಿತ" ಸೋರಿಕೆ ಅನ್ನುತ್ತೆ, ಒಂದೊಂದು ತುಂಡಿನ ವಿವರದಲ್ಲಿ "ಉಲ್ಲೇಖವಿಲ್ಲದ ವಸ್ತು" ಅಂತ ಬರುತ್ತೆ. ಎರಡೂ ಪದ ತೂಗಿ ಇಟ್ಟವು. ಓದುವವರು ಅವನ್ನು ಹಾರಿಸಿ ಓದ್ತಾರೆ.

ಇಲ್ಲಿ ಪರಿಭಾಷೆಯ ಬಗ್ಗೆ ಒಂದು ಮಾತು. ಫಾಲ್ಸ್ ಪಾಸಿಟಿವ್ ಅನ್ನೋದನ್ನು ಕೊರೊನಾ ಕಾಲದಲ್ಲಿ ಪತ್ರಿಕೆಗಳು ಸುಳ್ಳು ಪಾಸಿಟಿವ್ ಅಂದವು. ಪಠ್ಯಗಳಲ್ಲಿ ಧನಾತ್ಮಕ ಅನ್ನೋ ಪದ ಸೇರಿಸಿ ಮಾಡಿದ ಅನುವಾದಗಳೂ ಇವೆ. ಧನಾತ್ಮಕ ಅಂದ ಕೂಡಲೇ ನಮ್ಮ ಕಿವಿಗೆ ಒಳ್ಳೇದು ಅಂತ ಕೇಳಿಸುತ್ತೆ, ಗೊಂದಲ. ನಾನು ಹುಸಿ ದೂರು ಅಂತ ಬಳಸ್ತಾ ಇದ್ದೀನಿ. ಇದರ ಜೋಡಿ, ನಿಜವಾಗಿ ಸೋರಿದ್ದರೂ ಪಟ್ಟಿಗೆ ಬಾರದ್ದು, ಅದಕ್ಕೆ ತಪ್ಪಿಸಿಕೊಂಡ ಸೋರಿಕೆ. ಯಾವುದೋ ಒಂದು ಸಾಧಾರಣ ಅಂಕಿ ಅಕಸ್ಮಾತ್ತಾಗಿ ವಿಳಾಸದ ಹಾಗೆ ಕಂಡರೆ ಸೋರಿದ ತುಂಡೂ ಬೂದು ಆಗಿಬಿಡುತ್ತೆ. 32 ಬಿಟ್ ಯಂತ್ರಗಳಲ್ಲಿ ಇದಕ್ಕೆ ಹೆಚ್ಚು ಅವಕಾಶ, 64 ಬಿಟ್‌ನಲ್ಲಿ ಕಡಿಮೆ. ಇವತ್ತಿನ ವಿಷಯ ಅದಲ್ಲ.

ಈಗ ಅಣ್ಣನ ಪ್ರಕರಣ. ಅವರ ಡ್ರೈವರ್ ಒಂದು ತುಂಡು ಮೆಮೊರಿ ತೊಗೊಂಡು ನೆಟ್‌ವರ್ಕ್ ಚಿಪ್‌ಗೆ ಒಪ್ಪಿಸುತ್ತೆ: ಪ್ಯಾಕೆಟ್ ಬಂದರೆ ಇದರೊಳಗೆ ತುಂಬು ಅಂತ. ಕರ್ನೆಲ್ ತನ್ನ ಮೆಮೊರಿಯನ್ನು ಕರೆಯೋದು ವರ್ಚುವಲ್ ವಿಳಾಸದಿಂದ. ಚಿಪ್‌ಗೆ ಆ ಭಾಷೆ ಬಾರದು, ಅದಕ್ಕೆ ಭೌತಿಕ ವಿಳಾಸ ಕೊಡಬೇಕು. ಅಣ್ಣನವರ ಡ್ರೈವರ್‌ನಲ್ಲಿ ಚಿಪ್‌ಗೆ ಕೊಟ್ಟ ಭೌತಿಕ ವಿಳಾಸ ಮಾತ್ರ ಉಳಿದಿತ್ತು. ಪ್ಯಾಕೆಟ್ ಬಂದ ಮೇಲೆ ಅದರಿಂದಲೇ ವರ್ಚುವಲ್ ವಿಳಾಸವನ್ನು ಲೆಕ್ಕ ಹಾಕಿಕೊಳ್ತಾ ಇದ್ದರು. ಕೆಮೆಮ್‌ಲೀಕ್ ಹುಡುಕೋದು ವರ್ಚುವಲ್ ವಿಳಾಸವನ್ನು. ಸಿಗಲಿಲ್ಲ. ಅನಾಥ ಅಂತ ಬರೆಯಿತು.

ತಳಿಯವರಿಗೆ ಇದನ್ನು ವಿವರಿಸೋದು ಬಲು ಸುಲಭ. ನಾವು ಹೊಸೂರು ಅಂತೀವಿ. ತಮಿಳಿನಲ್ಲಿ ಅದು ಓಸೂರ್. ಆ ಹೆಸರಿನಲ್ಲಿ ಹಕಾರವೇ ಇಲ್ಲ, ಬರೆಯುವಾಗ ಓ ಅಕ್ಷರದಿಂದ ಶುರು. ಸರ್ಕಾರಿ ಪಟ್ಟಿಯಲ್ಲಿ ಹ ಅಕ್ಷರದ ಕೆಳಗೆ ಹುಡುಕಿದವರಿಗೆ ನಮ್ಮ ಪಕ್ಕದ ಪಟ್ಟಣವೇ ಸಿಗೋದಿಲ್ಲ. ಊರು ಇದೆ, ಬಸ್ಸು ಹೋಗುತ್ತೆ, ಸುಮಾರು 25 ಕಿಲೋಮೀಟರು, ನಮ್ಮೂರ ಗುಲಾಬಿ ಆ ದಾರಿಯಲ್ಲೇ ಬೆಂಗಳೂರಿಗೆ ಹೋಗುತ್ತೆ. ಪಟ್ಟಿಯಲ್ಲೂ ಇದೆ. ಹುಡುಕಿದ ರೂಪದಲ್ಲಿ ಇಲ್ಲ, ಅಷ್ಟೆ. (ನಗು.) ಇಲ್ಲಿ ಎರಡು ಭಾಷೆಯ ಕಾಗದಪತ್ರ ಇಟ್ಟುಕೊಂಡು ಬೆಳೆದವರು ಕಚೇರಿಯವರು "ಅಂಥ ಹೆಸರು ಇಲ್ಲ" ಅಂದರೆ ಬೆಚ್ಚೋದಿಲ್ಲ, ಇನ್ನೊಂದು ಬರಹದಲ್ಲಿ ನೋಡಿ ಅಂತೀವಿ. ಅಣ್ಣನ ಜೊತೆಗಾರನಿಗೆ ಆ ಅಭ್ಯಾಸ ಇರಲಿಲ್ಲವೋ ಏನೋ.

ಅವನು ಏನು ಮಾಡಿದ ಅಂದ್ರೆ, ದೂರನ್ನು ನಂಬಿ, ಚಿಪ್‌ಗೆ ಒಪ್ಪಿಸಿದ ಮೇಲೆ ಆ ತುಂಡನ್ನು ಬಿಡುಗಡೆ ಮಾಡೋ ಒಂದು ಸಾಲು ಸೇರಿಸಿದ. ದೂರು ನಿಂತಿತು. ಎಲ್ಲರಿಗೂ ಸಮಾಧಾನ. ಆದರೆ ಬಿಡುಗಡೆಯಾದ ತುಂಡನ್ನು ಕರ್ನೆಲ್ ಬೇರೆ ಯಾರಿಗೋ ಹಂಚಿತು, ಚಿಪ್‌ಗೆ ಈ ಸುದ್ದಿ ಗೊತ್ತಿಲ್ಲ, ಅದು ತನ್ನ ಹಳೇ ವಿಳಾಸಕ್ಕೇ ಪ್ಯಾಕೆಟ್ ತುಂಬಿತು. ಎರಡು ದಿನ ಆದ ಮೇಲೆ ಪೆಟ್ಟಿಗೆ ಬಿತ್ತು. ಬಿದ್ದದ್ದು ನೆಟ್‌ವರ್ಕ್ ಭಾಗದಲ್ಲಲ್ಲ, ಫೈಲ್ ಸಿಸ್ಟಮ್‌ನಲ್ಲಿ. ಆ ಭಾಗದವರು ತಮ್ಮ ತಪ್ಪನ್ನು ಹುಡುಕಿ ಹುಡುಕಿ ಸೋತರು. ಬೇರೊಬ್ಬರ ಬರಹದ ಮೇಲೆ ಪ್ಯಾಕೆಟ್‌ನ ತುಣುಕುಗಳು ಬಿದ್ದಿರೋದನ್ನು ಕಂಡವರೊಬ್ಬರು ಹೇಳಿದ ಮೇಲೇ ಗೊತ್ತಾದದ್ದು.

ಈ ಪ್ರಬಂಧದಲ್ಲಿ ನಾನು ಒತ್ತಿ ಹೇಳಬೇಕಾದ್ದು ಇದನ್ನೇ. ನಿಜವಾದ ಸೋರಿಕೆ ನಿಧಾನವಾಗಿ ಕೊಲ್ಲುತ್ತೆ, ಅದೂ ಲೆಕ್ಕ ಹಾಕಬಹುದಾದ ವೇಗದಲ್ಲಿ. ಹುಸಿ ದೂರನ್ನು ನಂಬಿ ಮಾಡಿದ ರಿಪೇರಿ ಎಲ್ಲಿ ಯಾವಾಗ ಹೊಡೆಯುತ್ತೆ ಅಂತ ಹೇಳೋಕೇ ಆಗೋದಿಲ್ಲ. ಇನ್ನೊಬ್ಬರ ದತ್ತಾಂಶ ಹಾಳಾಗುತ್ತೆ, ಹೊರಗಿನವರಿಗೆ ಒಳನುಗ್ಗೋ ದಾರಿಯೂ ಆಗಬಹುದು. ಎರಡರಲ್ಲಿ ಒಂದನ್ನು ಆರಿಸು ಅಂದರೆ ಸೋರೋದನ್ನೇ ಆರಿಸ್ತೀನಿ ಅಂತ ಅಣ್ಣ ಅಂದ. ನನಗೂ ಹಾಗೇ ಅನ್ನಿಸುತ್ತೆ.

ಇಂಥದ್ದು ಅಣ್ಣನ ಕಂಪನಿಗೆ ಮಾತ್ರ ಬಂದದ್ದಲ್ಲ. ಲಿನಕ್ಸ್‌ನಲ್ಲೇ, ವರ್ಚುವಲ್ ಮಷೀನುಗಳು ಬಳಸೋ ವರ್ಟಿಯೋ ಅನ್ನೋ ಭಾಗದಲ್ಲಿ, ವಿಳಾಸ ಭೌತಿಕ ರೂಪದ ಹಿಂದೆ ಅಡಗಿದೆ, ಅದಕ್ಕೇ ಹುಸಿ ದೂರು ಬಾರದ ಹಾಗೆ ಹೇಳುತ್ತಿದ್ದೇವೆ ಎಂಬರ್ಥದ ಟಿಪ್ಪಣಿ ಇದೆ. ಟಿಪ್ಪಣಿಯ ಕೆಳಗೇ ಕೆಮೆಮ್‌ಲೀಕ್‌ಗೆ ಒಂದು ಸೂಚನೆ.

ಇನ್ನೊಂದು ಬಗೆ ರೂಪದ್ದಲ್ಲ, ಜಾಗದ್ದು. ಸಣ್ಣ ತುಂಡುಗಳನ್ನು ಹಂಚೋ ಕಚೇರಿಯ ಮೇಲೆ ಕೆಮೆಮ್‌ಲೀಕ್ ಕಣ್ಣಿಟ್ಟಿದೆ. ಇಡೀ ಪುಟಗಳನ್ನೇ ಹಂಚೋ ಕಚೇರಿ ಬೇರೆ ಇದೆ, ಅದರ ಲೆಕ್ಕ ಇದರ ಬಳಿ ಇಲ್ಲ. ಅಂಥ ಪುಟದೊಳಗೆ ಮಾತ್ರ ಯಾರಾದರೂ ವಿಳಾಸ ಬರೆದಿಟ್ಟಿದ್ದರೆ ಇದು ಆ ಪುಟ ತೆರೆದು ನೋಡೋದೇ ಇಲ್ಲ. ಇದಕ್ಕೆ ಒಳ್ಳೇ ಉದಾಹರಣೆ ಆರ್‌ಸಿಯು ಪದ್ಧತಿ. ನಮ್ಮ ಗ್ರಂಥಾಲಯದಲ್ಲಿ ಹಳೇ ಆವೃತ್ತಿ ತೆಗೆದು ಹೊಸದು ಇಡುವಾಗ, ಹಳೇದನ್ನು ಓದ್ತಾ ಕೂತವರ ಕೈಯಿಂದ ಕಿತ್ತುಕೊಳ್ಳೋದಿಲ್ಲ. ಅವರು ಓದಿ ಮುಗಿಸಿ ಎದ್ದ ಮೇಲೆ ರದ್ದಿಗೆ ಹಾಕ್ತಾರೆ. ಕರ್ನೆಲ್ ಕೂಡ ಹೀಗೇ: "ಇದನ್ನು ಆಮೇಲೆ ಬಿಡುಗಡೆ ಮಾಡು" ಅಂತ ಕೊಟ್ಟ ತುಂಡುಗಳ ಪಟ್ಟಿ ಇಟ್ಟುಕೊಂಡು ಕಾಯುತ್ತೆ. ಕೊಟ್ಟವರು ತಮ್ಮ ಕಡೆಯ ವಿಳಾಸ ಅಳಿಸಿಬಿಡ್ತಾರೆ. ಪಟ್ಟಿ ಇರೋದು ಕೆಮೆಮ್‌ಲೀಕ್ ತೆರೆಯದ ಪುಟದಲ್ಲಿ. ಆ ಕ್ಷಣದಲ್ಲಿ ಹುಡುಕಾಟ ನಡೆದರೆ, ರದ್ದಿಗೆ ಹೋಗಲು ಕ್ರಮವಾಗಿ ಕಾಯುತ್ತಿರೋ ತುಂಡು ಕಳುವಾದ ತುಂಡಿನ ಹಾಗೆ ಕಾಣುತ್ತೆ. 2023ರಲ್ಲಿ ಮರಿನಾಸ್ ಅವರೇ ಇದಕ್ಕೆ ತಿದ್ದುಪಡಿ ಬರೆದರು: ಹಾಗೆ ಒಪ್ಪಿಸಿದ ಕ್ಷಣದಲ್ಲೇ ಆ ತುಂಡನ್ನು ಕಡೆಗಣಿಸು ಅಂತ ಕೆಮೆಮ್‌ಲೀಕ್‌ಗೆ ತಿಳಿಸೋದು. ಸಾಧನ ಬಂದು ಹದಿನಾಲ್ಕು ವರ್ಷ ಆದ ಮೇಲೂ ಅದನ್ನು ಬರೆದವರೇ ಅದರ ಹುಸಿ ದೂರುಗಳನ್ನು ತಿದ್ದುತ್ತಾ ಇದ್ದಾರೆ ಅನ್ನೋದು ನನಗೆ ಗೌರವ ಹುಟ್ಟಿಸಿದ ಸಂಗತಿ.

ಮೂರನೇದು ಸಮಯದ್ದು. ವಿಳಾಸ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗುವಾಗ ಸಿಪಿಯು ರಿಜಿಸ್ಟರ್‌ನಲ್ಲಿ ಮಾತ್ರ ಇರೋ ಕ್ಷಣ ಇರುತ್ತೆ, ಹುಡುಕೋರು ಆಗಲೇ ಬಂದರೆ ಕಾಣೋದಿಲ್ಲ. ಇದಕ್ಕೆ ಮದ್ದು ತಾಳ್ಮೆ. ಹುಟ್ಟಿ 5 ಸೆಕೆಂಡು ಆಗದ ತುಂಡಿನ ಮೇಲೆ ದೂರು ಬರೆಯೋದಿಲ್ಲ. ತುಂಡಿನ ಒಳಗಿರೋ ದತ್ತಾಂಶದ ಮೊತ್ತವೊಂದನ್ನು ಗುರುತು ಹಾಕಿಕೊಂಡು, ಮುಂದಿನ ಸುತ್ತಿನಲ್ಲಿ ಅದು ಬದಲಾಗಿದ್ದರೆ ಯಾರೋ ಇದನ್ನು ಬಳಸ್ತಾ ಇದ್ದಾರೆ ಅಂತ ಸುಮ್ಮನಾಗುತ್ತೆ. ನೋಡಿದ ತಕ್ಷಣ ತೀರ್ಪು ಕೊಡೋದಿಲ್ಲ.

ಇನ್ನು ಬಣ್ಣ ಹಚ್ಚೋ ವಿಚಾರ. ಬರೆಯುವವರು ಕೆಮೆಮ್‌ಲೀಕ್‌ಗೆ ಹೇಳಬಹುದಾದ ಎರಡು ಮಾತು ಮುಖ್ಯ. "ಇದು ಸೋರಿಕೆ ಅಲ್ಲ" ಅನ್ನೋದು ಒಂದು, "ಇದನ್ನು ಕಡೆಗಣಿಸು" ಅನ್ನೋದು ಇನ್ನೊಂದು. ಕನ್ನಡದಲ್ಲಿ ಎರಡೂ ಒಂದೇ ಅನ್ನಿಸುತ್ತೆ, ಅಲ್ಲಿ ಒಂದಲ್ಲ. ಮೊದಲನೇದು ತುಂಡಿಗೆ ಬೂದು ಬಳಿಯುತ್ತೆ: ದೂರು ಬೇಡ, ಆದರೆ ಒಳಗೆ ಹೊಕ್ಕು ನೋಡು, ಅದು ಯಾರನ್ನು ನೆನೆಯುತ್ತಿದೆ ಅಂತ ತಿಳಿ. ಎರಡನೇದು ಕಪ್ಪು ಬಳಿಯುತ್ತೆ: ದೂರೂ ಬೇಡ, ಒಳಗೂ ನೋಡಬೇಡ. ಒಳಗೆ ಬೇರೆ ತುಂಡುಗಳ ವಿಳಾಸ ಇರೋ ಒಂದಕ್ಕೆ ಅವಸರದಲ್ಲಿ ಕಪ್ಪು ಬಳಿದರೆ ಏನಾಗುತ್ತೆ? ಅದನ್ನೇ ನಂಬಿದ್ದ ಮಿಕ್ಕ ತುಂಡುಗಳು ಅನಾಥವಾಗಿ ಪಟ್ಟಿಗೆ ಬರ್ತವೆ. ಒಂದು ಹುಸಿ ದೂರು ಮುಚ್ಚೋಕೆ ಹೋಗಿ ಹತ್ತು ಹುಟ್ಟಿದ ಹಾಗೆ. ಬರೀ ಟಿಪ್ಪಣಿ ಅಂತ ನಾವು ತಾತ್ಸಾರ ಮಾಡೋ ಒಂದು ಪದದ ಆಯ್ಕೆ ಇಷ್ಟು ಮಾಡುತ್ತೆ.

ಪಟ್ಟಿ ಓದೋ ಕ್ರಮವೂ ಇದರಿಂದಲೇ ಗೊತ್ತಾಗುತ್ತೆ. ದೂರುಗಳು ತುಂಡು ಹುಟ್ಟಿದ ಕ್ರಮದಲ್ಲಿ ಬರ್ತವೆ. ಮೊದಲಿನ ಒಂದು ತಾಯಿ ತುಂಡು ಕಾಣದೇ ಹೋದರೆ ಅದರ ಮಕ್ಕಳೆಲ್ಲ ಕೆಳಗೆ ಸಾಲಾಗಿ ನಿಂತಿರ್ತವೆ. ಅಣ್ಣನ ಪಟ್ಟಿಯಲ್ಲಿ ನಾನು ಕಂಡ ಆ ಉದ್ದ ಸಾಲಿನಲ್ಲಿ ನಿಜವಾಗಿ ಪ್ರಶ್ನೆ ಇದ್ದದ್ದು ಎರಡರದ್ದು. ಒಂದು ಹುಸಿ. ಇನ್ನೊಂದು, ಹೇಳಲೇಬೇಕು, ನಿಜವಾದ ಸೋರಿಕೆ. ತಪ್ಪು ಸಂಭವಿಸಿ ಕೆಲಸ ಅರ್ಧಕ್ಕೆ ನಿಂತಾಗ ಹೋಗೋ ದಾರಿಯಲ್ಲಿ ಬಿಡುಗಡೆಯ ಸಾಲು ಮರೆತಿದ್ದರು. ಹುಸಿ ದೂರುಗಳ ಗುಂಪಿನಲ್ಲಿ ಅದು ವಾರಗಟ್ಟಲೆ ಕೂತಿತ್ತು, "ಈ ಟೂಲು ಹಾಗೇ ಬೊಗಳುತ್ತೆ ಬಿಡು" ಅಂತ ಯಾರೂ ಓದಿರಲಿಲ್ಲ.

ನನ್ನ ಮಾತು ಇಷ್ಟು. ಚಾಟ್‌ನಲ್ಲಿ ಪ್ರಶ್ನೆಗಳು ಬಂದಿವೆ.

ಸಂವಾದ

ಪ್ರಶ್ನೆ (ಒಬ್ಬ ಅಧ್ಯಾಪಕರು): ಅನಾಥ ಅಂತ ಗುರುತಿಸೋ ಸಾಧನಕ್ಕೆ ಅದನ್ನು ತಾನೇ ಬಿಡುಗಡೆ ಮಾಡೋ ಅಧಿಕಾರ ಯಾಕೆ ಕೊಟ್ಟಿಲ್ಲ? ಜಾವಾದಂಥ ಭಾಷೆಗಳಲ್ಲಿ ಹಾಗೇ ಅಲ್ವಾ?

ಸರ್, ಜಾವಾದಲ್ಲಿ ಯಾವುದು ವಿಳಾಸ, ಯಾವುದು ಬರೀ ಅಂಕಿ ಅಂತ ಭಾಷೆಗೇ ಗೊತ್ತು, ವಿಳಾಸವನ್ನು ಬೇರೆ ರೂಪದಲ್ಲಿ ಬಚ್ಚಿಡೋಕೆ ಅದು ಸಾಮಾನ್ಯವಾಗಿ ಬಿಡೋದಿಲ್ಲ. ಸಿ ಭಾಷೆಯಲ್ಲಿ ಎರಡೂ ಅಂಕಿಯೇ. ಸಿಗೂ ಹಾನ್ಸ್ ಬೋಮ್ ಅವರ ಕಸ ಸಂಗ್ರಾಹಕ ಇದೆ, ವಿಳಾಸ ಬಚ್ಚಿಡಬಾರದು ಅನ್ನೋ ಷರತ್ತಿನ ಮೇಲೆ ಅದು ನಡೆಯುತ್ತೆ. ಕರ್ನೆಲ್‌ನಲ್ಲಿ ಆ ಷರತ್ತು ಪಾಲಿಸೋಕಾಗೋದಿಲ್ಲ, ಎದುರಿಗೆ ಚಿಪ್‌ಗಳಿವೆ. ಅಧಿಕಾರ ಕೊಟ್ಟಿದ್ದರೆ ಅಣ್ಣನ ಜೊತೆಗಾರ ಮಾಡಿದ್ದನ್ನು ಯಂತ್ರವೇ ಹತ್ತು ನಿಮಿಷಕ್ಕೊಮ್ಮೆ ಮಾಡ್ತಾ ಇತ್ತು. ಅದಕ್ಕೇ ಅದು ದೂರು ಬರೆದು ನಿಲ್ಲುತ್ತೆ.

ಪ್ರಶ್ನೆ (ಕಾಸರಗೋಡಿನ ಒಬ್ಬ ವಿದ್ಯಾರ್ಥಿನಿ): ಅಕ್ಕ, ನಿಘಂಟಿನಲ್ಲಿ ಇಲ್ಲದ ಪದವನ್ನು ತಪ್ಪು ಅಂತ ಗುರುತು ಹಾಕೋದೂ ಇದೇ ಥರ ಅಲ್ವಾ?

ಹೌದಮ್ಮ, ನಾನೂ ಅದನ್ನು ಯೋಚಿಸಿದ್ದೆ. ಕಿಟೆಲ್ ಅವರ 1894ರ ನಿಘಂಟಿನಲ್ಲಿ ಇಲ್ಲ, ಪರಿಷತ್ತಿನ ಎಂಟು ಸಂಪುಟದಲ್ಲಿ ಇಲ್ಲ ಅಂದ ಮಾತ್ರಕ್ಕೆ ಗಡಿಯ ಕನ್ನಡದ ಪದವನ್ನು ಕೆಂಪು ಮಸಿಯಲ್ಲಿ ತಿದ್ದಿದ್ದು ನನ್ನ ಕ್ಷೇತ್ರಕಾರ್ಯದ ಪುಸ್ತಕದಲ್ಲೂ ಆಗಿದೆ. ಆದರೆ ಹೋಲಿಕೆಯನ್ನು ಬಹಳ ದೂರ ಎಳೆಯೋಕೆ ಇಷ್ಟ ಇಲ್ಲ. ಕರ್ನೆಲ್‌ನಲ್ಲಿ ನಿಜ ಏನು ಅಂತ ಕೊನೆಗೆ ತಿಳಿಯುತ್ತೆ. ತುಂಡನ್ನು ಯಾರಾದರೂ ಮುಂದೆ ಬಳಸಿದರೋ ಇಲ್ಲವೋ, ಅಷ್ಟೆ. ಪದದ ವಿಷಯದಲ್ಲಿ ಅಷ್ಟು ಸಲೀಸಿಲ್ಲ.

ಪ್ರಶ್ನೆ (ಹೆಸರು ಬರೆದಿಲ್ಲ): ದೂರು ಬಂದಾಗ ಹುಸಿಯೋ ನಿಜವೋ ತಿಳಿಯೋದು ಹೇಗೆ? ನಾನೂ ಇದೇ ಕೆಲಸದಲ್ಲಿದ್ದೀನಿ.

ನಾನು ಅಣ್ಣನಿಂದ ಕಲಿತದ್ದನ್ನು ಹೇಳ್ತೀನಿ, ನನಗಿಂತ ನಿಮಗೇ ಹೆಚ್ಚು ಗೊತ್ತಿರಬಹುದು. ಮೊದಲು ಕೆಮೆಮ್‌ಲೀಕ್‌ಗೆ ಕ್ಲಿಯರ್ ಅಂತ ಆಜ್ಞೆ ಕೊಟ್ಟು ಹಳೇ ದೂರುಗಳನ್ನು ಬದಿಗೆ ಸರಿಸಿ. ನಿಮ್ಮ ಪರೀಕ್ಷೆ ಓಡಿಸಿ. ಹತ್ತು ನಿಮಿಷ ಕಾಯದೆ ಸ್ಕ್ಯಾನ್ ಆಜ್ಞೆ ಕೊಡಿ, ಕೆಲವು ಸೆಕೆಂಡು ಬಿಟ್ಟು ಮತ್ತೆ ಕೊಡಿ. ಎರಡನೇ ಸಲಕ್ಕೂ ಉಳಿದದ್ದನ್ನು ನೋಡಿ. ಅದೇ ಪರೀಕ್ಷೆಯನ್ನು ನೂರು ಸಲ ಓಡಿಸಿದರೆ ದೂರೂ ನೂರಾಗುತ್ತಾ ನೋಡಿ. ಸೋರಿಕೆ ಬೆಳೀತಾ ಹೋಗುತ್ತೆ, ಒಮ್ಮೆ ಮಾತ್ರ ಹಂಚಿದ್ದು ಬೆಳೆಯೋದಿಲ್ಲ. ಆದರೆ ಬೆಳೆದ ಕೂಡಲೇ ನಿಜ ಅನ್ನಬೇಡಿ, ಚಿಪ್‌ಗೆ ಒಪ್ಪಿಸಿದವೂ ಸ್ವಲ್ಪ ಹೊತ್ತು ಬೆಳೆದು ಆಮೇಲೆ ಇಳೀತವೆ. ಆಮೇಲೆ ದೂರಿನ ಕೆಳಗಿರೋ ಕರೆಯ ಜಾಡು ಹಿಡಿದು, ತುಂಡು ಹುಟ್ಟಿದ ಸಾಲಿನಿಂದ ಅದರ ವಿಳಾಸ ಎಲ್ಲೆಲ್ಲಿ ಹೋಯ್ತು ಅಂತ ಕಣ್ಣಾರೆ ಓದಿ. ಈ ಓದಿಗೆ ಬದಲಿ ಇಲ್ಲ. ಕೊನೆಗೆ ಯಾರ ಕೈಯಲ್ಲಿದೆ, ಅವರು ಯಾವಾಗ ಬಿಡ್ತಾರೆ ಅಂತ ಹೆಸರು ಹಿಡಿದು ಹೇಳೋಕೆ ಆದರೆ ಮಾತ್ರ ಹುಸಿ ಅನ್ನಿ. ಹೇಳೋಕೆ ಆಗದಿದ್ದರೆ ಬಿಡುಗಡೆಯ ಸಾಲನ್ನೂ ಸೇರಿಸಬೇಡಿ, ಕಪ್ಪನ್ನೂ ಬಳಿಯಬೇಡಿ, ದೂರು ಹಾಗೇ ಇರಲಿ.

ಅಣ್ಣನವರು ಆ ಬಿಡುಗಡೆಯ ಸಾಲು ತೆಗೆದರು. ಆ ಜಾಗದಲ್ಲಿ ಕಡೆಗಣಿಸು ಅನ್ನೋ ಸೂಚನೆ ಹಾಕಿದರು, ಒಳಗೆ ಪ್ಯಾಕೆಟ್ ಮಾತ್ರ ತುಂಬೋ ತುಂಡಾದ್ದರಿಂದ ಕಪ್ಪೇ ಸರಿ. ಮೇಲೆ ಎರಡು ಸಾಲು ಟಿಪ್ಪಣಿ: ವಿಳಾಸ ಚಿಪ್ ಬಳಿ ಇದೆ, ಪ್ಯಾಕೆಟ್ ಬಂದ ಮೇಲೆ ಇಂಥ ಕಡೆ ಬಿಡುಗಡೆ ಆಗುತ್ತೆ ಅಂತ. ಇಂಗ್ಲಿಷಿನಲ್ಲಿ ಬರೆದದ್ದು, ನಾನು ಓದಿ ಒಂದು ಕ್ರಿಯಾಪದ ತಿದ್ದಿದೆ.

ನೆಟ್‌ವರ್ಕ್ ಹೋಗ್ತಾ ಬರ್ತಾ ಇದೆ. ಉಳಿದ ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರಿಸ್ತೀನಿ.